ಹುಡುಗನ ಹಲಗೆ, ಕಂಪನಿಯ ಪೇಟೆಂಟು

ವಿಂಡ್‌ಸರ್ಫಿಂಗ್ ಗೊತ್ತಲ್ಲ? ಹಲಗೆಗೆ ಹಾಯಿ ಸಿಕ್ಕಿಸಿ, ನಿಂತುಕೊಂಡೇ ನೀರ ಮೇಲೆ ಹೋಗೋದು. 1958ರಲ್ಲಿ ಇಂಗ್ಲೆಂಡಿನ ಹೇಲಿಂಗ್ ದ್ವೀಪದಲ್ಲಿ ಪೀಟರ್ ಚಿಲ್ವರ್ಸ್ ಎಂಬ 12 ವರ್ಷದ ಹುಡುಗ ಅಂಥದ್ದೊಂದನ್ನು ತಾನೇ ಮಾಡಿಕೊಂಡ. ಎರಡು ಬೇಸಿಗೆ ಆಡಿದ, ಅಷ್ಟೆ.

ಅಮೆರಿಕದ ಪೆನ್ಸಿಲ್ವೇನಿಯಾದಲ್ಲಿ ನ್ಯೂಮನ್ ಡಾರ್ಬಿ 1964ರಲ್ಲಿ ಇನ್ನೊಂದು ಕಟ್ಟಿದ. ಅದರ ಬಗ್ಗೆ 1965ರ ಪಾಪ್ಯುಲರ್ ಸೈನ್ಸ್ ಪತ್ರಿಕೆಯಲ್ಲಿ ಬರೆದೂಬಿಟ್ಟ. ಪೇಟೆಂಟ್ ಮಾತ್ರ ತಗೊಳ್ಳಲಿಲ್ಲ. (ನಮ್ಮ ಓಪನ್ ಸೋರ್ಸ್‌ನವರ ಮುತ್ತಾತ!)

1968ರಲ್ಲಿ ಅರ್ಜಿ ಹಾಕಿ ಪೇಟೆಂಟ್ ಪಡೆದವರು ಕ್ಯಾಲಿಫೋರ್ನಿಯಾದ ಜಿಮ್ ಡ್ರೇಕ್, ಹಾಯ್ಲ್ ಶ್ವೈಟ್ಸರ್. ಆಮೇಲೆ ಶ್ವೈಟ್ಸರ್ ಕಂಪನಿ ಬೇರೆ ತಯಾರಕರನ್ನು ಕೋರ್ಟಿಗೆಳೆಯಿತು. 1980ರ ದಶಕದಲ್ಲಿ ಇಂಗ್ಲೆಂಡಿನ ಅಪೀಲು ಕೋರ್ಟು ಡಾರ್ಬಿಯ ಲೇಖನವನ್ನೂ ಆ ಹುಡುಗನ ಹಲಗೆಯನ್ನೂ ನೋಡಿ ಬ್ರಿಟಿಷ್ ಪೇಟೆಂಟು ಊರ್ಜಿತವಲ್ಲ ಅಂದಿತು. ಹಾಯಿ ಹಿಡಿಯೋ ಕೋಲು ಪೇಟೆಂಟಿನಲ್ಲಿ ಬಾಗಿದ್ದು, ಹುಡುಗನದ್ದು ನೆಟ್ಟಗೆ. ಗಾಳಿ ತುಂಬಿದರೆ ಅದೂ ಬಾಗುತ್ತಲ್ಲ ಅಂದರು ಜಡ್ಜುಗಳು!