ಮುತ್ತಿಗೆಗೆ ಮುನ್ನ ತೋಡಿದ ಕೊಳ

ತೀರ್ಥಹಳ್ಳಿ ತಾಲ್ಲೂಕಿನ ಕವಲೇದುರ್ಗವನ್ನು ಹತ್ತಿದವರ ಕಣ್ಣನ್ನು ಮೊದಲು ಸೆಳೆಯುವುವು ಸುತ್ತುಸುತ್ತಾಗಿ ಮೇಲೇರುವ ಕೋಟೆಯ ಗೋಡೆಗಳು. ಕೆಳದಿಯ ಅರಸರ ದೂರದೃಷ್ಟಿಯನ್ನು ಅರಿಯಬೇಕಾದರೆ ಒಳಗಿನ ಕೊಳಗಳ ಬಳಿ ನಿಲ್ಲಬೇಕು. ಶತ್ರು ಬಾಗಿಲಿಗೆ ಬಂದ ಮೇಲೆ ಬಂಡೆಯಲ್ಲಿ ಕೊಳ ತೋಡಲು ಯಾರಿಗೆ ಬಿಡುವು? ತಾಯಿ ಮತ್ತು ಶಿಶುವಿನ ರಕ್ಷಣೆಗೂ ಈ ಮಾತು ಸಲ್ಲುತ್ತದೆ.

ಸಾಗರ, ನಗರ, ತೀರ್ಥಹಳ್ಳಿಗಳ ಸೀಮೆಯನ್ನು ಒಂದು ಕಾಲಕ್ಕೆ ಮಲೇರಿಯಾ ಹಣ್ಣು ಮಾಡಿತ್ತು. ಚಳಿಜ್ವರದಿಂದ ನೆತ್ತರು ಬತ್ತಿ, ಜ್ವರಗಡ್ಡೆ ಬೆಳೆದ ಹುಡುಗಿ ಬಸಿರಾದರೆ ಗರ್ಭ ಇಳಿದುಹೋಗುವ ಭಯ. ಉಳಿದರೂ ಹುಟ್ಟುವ ಕೂಸು ಬಡಕಲು. ಅಂಥವಳಿಗೆ ಒಳ್ಳೆಯ ಸೂಲಗಿತ್ತಿಯೊಬ್ಬಳೇ ಸಾಲದು. ಆರೈಕೆ ಅದಕ್ಕೂ ಬಹಳ ಮೊದಲೇ ದೊರೆಯಬೇಕಾಗಿತ್ತು.

ಮೈಸೂರು ಸಂಸ್ಥಾನ ಈ ಸತ್ಯದ ಕಡೆಗೆ ಮೆಲ್ಲಮೆಲ್ಲನೆ ನಡೆಯಿತು. 1894ರ ಕಾಯಿದೆ ಎಂಟು ವರ್ಷ ತುಂಬದ ಹೆಣ್ಣುಮಕ್ಕಳ ಮದುವೆಯನ್ನೂ, ಐವತ್ತು ದಾಟಿದ ಗಂಡಸು ಹದಿನಾಲ್ಕರೊಳಗಿನ ಬಾಲೆಯನ್ನು ವರಿಸುವುದನ್ನೂ ನಿಷೇಧಿಸಿತು. ಇಂದು ಆ ಅಂಕಿಗಳನ್ನು ಓದಿದರೆ ಮೈ ನಡುಗುತ್ತದೆ. ಅಂದಿಗೆ ಅದೇ ದೊಡ್ಡ ಧೈರ್ಯ. ವಿಶ್ವೇಶ್ವರಯ್ಯನವರು ದಿವಾನರಾಗಿದ್ದ 1912-1918ರ ಅವಧಿಯಲ್ಲಿ ಮಲೆನಾಡಿನ ಅಭಿವೃದ್ಧಿ ಯೋಜನೆ ರೂಪುಗೊಂಡು, ಈ ನಾಡಿನ ಅನಾರೋಗ್ಯ ಸರಕಾರದ ಹೊಣೆಯೆನಿಸಿತು. 1930ರಲ್ಲಿ ಸಂತಾನ ನಿಯಂತ್ರಣದ ಸಲಹೆಗಾಗಿ ಸರಕಾರಿ ಚಿಕಿತ್ಸಾಲಯಗಳನ್ನು ತೆರೆಯಲು ಆಜ್ಞೆಯಾಯಿತು. ಜಗತ್ತಿನಲ್ಲಿಯೇ ಇಂಥ ಕಾರ್ಯಕ್ಕೆ ಕೈಹಾಕಿದ ಮೊದಲ ಸರಕಾರಗಳಲ್ಲಿ ನಮ್ಮದೂ ಒಂದು. ಹೆರಿಗೆಯಿಂದ ಹೆರಿಗೆಗೆ ಅಂತರವಿದ್ದರೆ ತಾಯಿಯ ಒಡಲು ಸುಧಾರಿಸಿಕೊಳ್ಳುತ್ತದೆಂಬ ಅರಿವು ಹೀಗೆ ರಾಜಮುದ್ರೆ ಪಡೆಯಿತು.

ವಿಜ್ಞಾನ ಈಗ ಇನ್ನೂ ಹಿಂದಕ್ಕೆ ಬೆರಳು ತೋರುತ್ತಿದೆ. ಮಗುವಿನ ಮಿದುಳು, ಬೆನ್ನುಹುರಿಗಳಾಗುವ ನಾಳ ಗರ್ಭಧಾರಣೆಯಾದ 28 ದಿನಗಳೊಳಗೆ ಮುಚ್ಚಿಕೊಳ್ಳುತ್ತದೆ. ತಾನು ಬಸಿರೆಂಬುದು ಎಷ್ಟೋ ಹೆಂಗಸರಿಗೆ ಆಗಿನ್ನೂ ತಿಳಿದಿರುವುದಿಲ್ಲ. ಆ ನಾಳದ ದೋಷಗಳನ್ನು ಫೋಲಿಕ್ ಆಮ್ಲ ಬಹುಮಟ್ಟಿಗೆ ತಡೆಯುತ್ತದೆಂದು 1991ರಲ್ಲಿ ಸಿದ್ಧಪಟ್ಟಿತು. ದಿನಕ್ಕೆ 400 ಮೈಕ್ರೋಗ್ರಾಂ ಸಾಕು, ಆದರೆ ಗರ್ಭ ನಿಲ್ಲುವ ಮೊದಲೇ ಆರಂಭಿಸಬೇಕು. ರಕ್ತಹೀನತೆ, ಸಕ್ಕರೆ ಕಾಯಿಲೆ, ಥೈರಾಯ್ಡಿನ ತೊಂದರೆಗಳನ್ನು ಪರೀಕ್ಷಿಸಿ ಸರಿಪಡಿಸಿಕೊಳ್ಳಬೇಕಾದ ಕಾಲವೂ ಅದೇ.

ಮದುವೆಯ ಮಾತುಕತೆಯಲ್ಲಿ ನಾವು ಜಾತಕ ಕೇಳುತ್ತೇವೆ, ಗೋತ್ರ ಕೇಳುತ್ತೇವೆ. ಹುಡುಗಿಯ ಮೈಯಲ್ಲಿ ರಕ್ತವೆಷ್ಟಿದೆ ಎಂದು ಅಕ್ಕರೆಯಿಂದ ವಿಚಾರಿಸುವ ಹಿರಿಯರು ಎಷ್ಟು ಮಂದಿ? ಆಕೆಯ ತಟ್ಟೆಗೆ ಸೊಪ್ಪು, ಕಾಳು, ಹಾಲು ಬೀಳಬೇಕಾದದ್ದು ಸೀಮಂತದ ದಿನ ಮಾತ್ರವಲ್ಲ. ತವರಿನಲ್ಲಿ ಅವಳು ಶಾಲೆಗೆ ಹೋಗುತ್ತಿರುವಾಗಲೇ.