ಕಿಟಕಿಯಿದ್ದ ಚಿಪ್‌ನಿಂದ ಪಿಕೋ ತನಕ

ಕಳೆದ ವಾರ ಧಾರವಾಡದಿಂದ ತಂಗಿಯ ಮಗನ ಫೋನು. ಇಂಜಿನಿಯರಿಂಗ್ ಎರಡನೇ ವರ್ಷ. "ಮಾಮಾ, ಮೈಕ್ರೋಕಂಟ್ರೋಲರ್ ಕಲೀಬೇಕಂತ ಮಾಡೇನಿ. ಯಾವ ಬೋರ್ಡ್ ತಗೊಳ್ಳಲಿ? ನನ್ನ ಕಡೆ ಸಾವಿರ ರೂಪಾಯಿ ಅದಾವ" ಅಂದ. ಬೋರ್ಡ್ ಕೇಳಿದ, ಪ್ರೋಗ್ರಾಮರ್ ಸುದ್ದಿ ಎತ್ತಲೇ ಇಲ್ಲ. ಎತ್ತಬೇಕು ಅಂತ ಅವನಿಗೆ ಗೊತ್ತೂ ಇಲ್ಲ. ನಮ್ಮ ಕಾಲದಲ್ಲಿ ಮೊದಲ ಪ್ರಶ್ನೆಯೇ ಅದಾಗಿತ್ತು. ಪ್ರೋಗ್ರಾಮರ್ ಅಂದ್ರೆ ಇಲ್ಲಿ ಪ್ರೋಗ್ರಾಂ ಬರೆಯೋ ಮನುಷ್ಯ ಅಲ್ಲ, ಬರೆದದ್ದನ್ನು ಚಿಪ್ ಒಳಗೆ ಇಳಿಸುವ ಯಂತ್ರ.

ಇಂಟೆಲ್‌ನವರ 8051 ಬಂದದ್ದು 1980ರಲ್ಲಿ. ಪ್ರೋಗ್ರಾಂಗೆ 4 ಕಿಲೋಬೈಟ್, ನೆನಪಿಗೆ 128 ಬೈಟ್, ಅಷ್ಟೇ. ಆದರೆ ಆ 4 ಕಿಲೋಬೈಟನ್ನು ಕಾರ್ಖಾನೆಯಲ್ಲೇ ಅಚ್ಚು ಹಾಕಿಸಬೇಕು, ಅದೂ ಸಾವಿರಗಟ್ಟಲೆ ಚಿಪ್ ಕೊಳ್ಳುವವರಿಗೆ. ಒಂದೆರಡು ಬೇಕಾದವರಿಗೆ ಇದ್ದದ್ದು 8751. ಅದರ ಬೆನ್ನ ಮೇಲೆ ಸ್ಫಟಿಕದ ಪುಟ್ಟ ಕಿಟಕಿ, ಒಳಗಿನ ಸಿಲಿಕಾನ್ ಚೂರು ಕಣ್ಣಿಗೇ ಕಾಣುತ್ತಿತ್ತು. ಬರೆದದ್ದನ್ನು ಅಳಿಸಬೇಕಾದರೆ ಆ ಕಿಟಕಿಯ ಮೂಲಕ ನೇರಳಾತೀತ ದೀಪದ ಬೆಳಕು ಬಿಡಬೇಕು, ಹದಿನೈದಿಪ್ಪತ್ತು ನಿಮಿಷ. ಬರೆದ ಮೇಲೆ ಕಿಟಕಿಗೆ ಸ್ಟಿಕ್ಕರ್ ಅಂಟಿಸಬೇಕು, ಇಲ್ಲದಿದ್ದರೆ ಬಿಸಿಲಿಗೂ ಅಳಿಸಿಹೋದೀತು.

ನಾನು ಮುಂಬೈಗೆ ಬಂದ ಹೊಸತರಲ್ಲಿ ಲ್ಯಾಮಿಂಗ್ಟನ್ ರೋಡಿನಲ್ಲಿ ಇಂಥದ್ದೊಂದನ್ನು ಕೊಂಡೆ. (ಆ ರಸ್ತೆಯ ಸರ್ಕಾರಿ ಹೆಸರು ಡಾಕ್ಟರ್ ಭಡಕಮಕರ್ ಮಾರ್ಗ. ಗ್ರಾಂಟ್ ರೋಡ್ ಸ್ಟೇಷನ್ನಿನಲ್ಲಿ ಇಳಿದು ಆ ಹೆಸರು ಕೇಳಿ ನೋಡಿ, ಮುಖ ಮುಖ ನೋಡ್ತಾರೆ!) ಮನೆಗೆ ಬಂದ ಮೇಲೆ ಗೊತ್ತಾಯ್ತು, ಬರೆಯೋ ಯಂತ್ರದ ಬೆಲೆ ನನ್ನ ಎರಡು ತಿಂಗಳ ಸಂಬಳ ಅಂತ. ಕೊನೆಗೆ ಪರಿಚಯದವರ ಫ್ಯಾಕ್ಟರಿಯಲ್ಲಿ ಊಟದ ಬಿಡುವಿನಲ್ಲಿ ಬರ್ನ್ ಮಾಡಿಸಿಕೊಂಡು ಬರ್ತಿದ್ದೆ. ಒಂದು ಅಕ್ಷರ ತಪ್ಪಿದರೆ ಮತ್ತೆ ಲೋಕಲ್ ಟ್ರೇನು, ಮತ್ತೆ ಅವರ ಮುಂದೆ ಹಲ್ಲು ಗಿಂಜುವುದು. ನಾಲ್ಕು ಸಲ ಹೋದೆ, ಐದನೇ ಸಲ ಹೋಗಲು ನಾಚಿಕೆಯಾಗಿ ಆ ಪ್ರಾಜೆಕ್ಟನ್ನೇ ಬಿಟ್ಟೆ. ನನ್ನ ಹಾಗೆ ಎಷ್ಟು ಜನ ಬಿಟ್ಟಿದ್ದಾರೋ.

1993ರಲ್ಲಿ ಗಾಳಿ ಬದಲಾಯ್ತು. ಮೈಕ್ರೋಚಿಪ್ ಕಂಪನಿಯ ಪಿಕ್ 16ಸಿ84, ಅಟ್ಮೆಲ್ ಕಂಪನಿಯ ಎಟಿ89ಸಿ51, ಎರಡರಲ್ಲೂ ಕಿಟಕಿ ಇಲ್ಲ, ವಿದ್ಯುತ್ತಿನಿಂದಲೇ ಅಳಿಸಬಹುದು. ಪಿಕ್‌ನದ್ದು ಇನ್ನೂ ಸಲೀಸು, ದತ್ತಾಂಶಕ್ಕೊಂದು ತಂತಿ, ಗಡಿಯಾರಕ್ಕೊಂದು ತಂತಿ, ಜೊತೆಗೆ ಸುಮಾರು 13 ವೋಲ್ಟ್. ಕಂಪ್ಯೂಟರಿನ ಪ್ರಿಂಟರ್ ಪೋರ್ಟಿಗೆ ನಾಲ್ಕಾರು ಬಿಡಿಭಾಗ ಬೆಸೆದರೆ ಮನೆಯಲ್ಲೇ ಪ್ರೋಗ್ರಾಮರ್ ತಯಾರು. ಹವ್ಯಾಸಿಗಳು ಪಿಕ್‌ಗೆ ಮುಗಿಬಿದ್ದದ್ದು ಚಿಪ್ ಚೆನ್ನಾಗಿದೆ ಅಂತಲ್ಲ, ಒಳಗೆ ಹೋಗುವ ದಾರಿ ಸುಲಭವಾಯಿತು ಅಂತ. ಇದು ನನ್ನ ಅಭಿಪ್ರಾಯ, ಪಿಕ್ ಅಭಿಮಾನಿಗಳು ಬೈಯಬಹುದು.

ಆಮೇಲೆ ಅಟ್ಮೆಲ್‌ನ ಎವಿಆರ್. ಆಲ್ಫ್ ಎಗಿಲ್ ಬೋಗನ್, ವೆಗಾರ್ಡ್ ವೊಲ್ಲಾನ್ ಎಂಬ ಇಬ್ಬರು ನಾರ್ವೆಯ ಟ್ರಾಂಡ್‌ಹೈಮ್‌ನಲ್ಲಿ ವಿದ್ಯಾರ್ಥಿಗಳಾಗಿದ್ದಾಗ ಕಂಡ ಕನಸು ಅದು. ಎವಿಆರ್‌ಗೆ 13 ವೋಲ್ಟೂ ಬೇಡ, ಬೋರ್ಡಿನ ಮೇಲೆ ಇದ್ದ ಹಾಗೇ ಬರೆಯಬಹುದು. ಪಿಕ್ ಮೇಲೋ ಎವಿಆರ್ ಮೇಲೋ ಅಂತ ವರ್ಷಗಟ್ಟಲೆ ವಾರಗಿತ್ತಿಯರ ಜಗಳ ನಡೆಯಿತು. 2016ರಲ್ಲಿ ಮೈಕ್ರೋಚಿಪ್ ಅಟ್ಮೆಲ್ಲನ್ನೇ ಕೊಂಡುಕೊಂಡಿತು!

ಅಷ್ಟರಲ್ಲಿ ಲ್ಯಾಪ್‌ಟಾಪ್‌ಗಳಿಂದ ಪ್ರಿಂಟರ್ ಪೋರ್ಟ್ ಮಾಯವಾಗಿತ್ತು. ಅದಕ್ಕೆ ಪರಿಹಾರವಾಗಿ ಬಂದದ್ದು ಥಾಮಸ್ ಫಿಶ್ಲ್ ಎಂಬವರ ಯುಎಸ್‌ಬಿಎಎಸ್‌ಪಿ, ಅಗ್ಗದ ಪ್ರೋಗ್ರಾಮರ್. ಮಜಾ ಏನಂದ್ರೆ ಅದರೊಳಗೂ ಇರೋದು ಒಂದು ಎಟಿಮೆಗಾ8 ಚಿಪ್. ಪ್ರೋಗ್ರಾಮರ್ ಕಟ್ಟಬೇಕಾದರೆ ಮೊದಲು ಆ ಚಿಪ್‌ಗೆ ಬರೆಯಬೇಕು, ಬರೆಯಲು ಪ್ರೋಗ್ರಾಮರ್ ಬೇಕು! ಹುಚ್ಚು ಬಿಟ್ಟ ಹೊರತು ಮದುವೆಯಾಗದು, ಮದುವೆಯಾದ ಹೊರತು ಹುಚ್ಚು ಬಿಡದು. ನಾನು ಡೊಂಬಿವಲಿಯ ಗೆಳೆಯನ ಮನೆಯ ಅಟ್ಟದಿಂದ ಹಳೇ ಕಂಪ್ಯೂಟರ್ ಇಳಿಸಿ ಆ ಒಂದು ಚಿಪ್ ಬರೆದುಕೊಂಡೆ.

ಈ ಗಂಟು ಬಿಚ್ಚಿದ್ದು ಇಟಲಿಯಲ್ಲಿ, ಓಲಿವೆಟ್ಟಿ ಟೈಪ್‌ರೈಟರಿನ ತವರಾದ ಇವ್ರಿಯಾ ಊರಿನಲ್ಲಿ. ಅಲ್ಲಿನ ವಿನ್ಯಾಸ ಶಾಲೆಯೊಂದರಲ್ಲಿ ಕೊಲಂಬಿಯಾದ ಎರ್ನಾಂಡೊ ಬಾರಾಗಾನ್ ಓದುತ್ತಿದ್ದರು. ಇಂಜಿನಿಯರುಗಳಲ್ಲದ ವಿನ್ಯಾಸಕಾರರಿಗೂ ಮೈಕ್ರೋಕಂಟ್ರೋಲರ್ ಒಗ್ಗಬೇಕು ಅಂತ 2003ರಲ್ಲಿ ಅವರು ಶುರು ಮಾಡಿದ ಪ್ರಬಂಧವೇ 'ವೈರಿಂಗ್': ಒಂದು ಬೋರ್ಡು, ಸರಳ ಭಾಷೆ, ಬರೆಯಲು ಒಂದೇ ಗುಂಡಿ. 2005ರಲ್ಲಿ ಅವರ ಮಾರ್ಗದರ್ಶಕರಾಗಿದ್ದ ಮಾಸ್ಸಿಮೊ ಬಾಂಜಿ ಮತ್ತು ಸಂಗಡಿಗರು ಅದನ್ನೇ ಅಗ್ಗದ ಎಟಿಮೆಗಾ8ಕ್ಕೆ ಹೊಂದಿಸಿ ಬೇರೆ ಹೆಸರಿನಲ್ಲಿ ಬಿಟ್ಟರು. ಅದೇ ಆರ್ಡುಯಿನೊ, ಊರಿನ ಒಂದು ಬಾರ್‌ನ ಹೆಸರು! ಆ ತಂಡದಲ್ಲಿ ಬಾರಾಗಾನ್ ಇರಲಿಲ್ಲ. ಇವತ್ತು ಪ್ರತಿ ಹುಡುಗನೂ ಬರೆಯುವ 'ಪಿನ್‌ಮೋಡ್', 'ಡಿಜಿಟಲ್‌ರೈಟ್' ಮಾತುಗಳು ವೈರಿಂಗ್‌ನಿಂದ ಬಂದವು. 2016ರಲ್ಲಿ ಅವರೇ ಕೂತು ಇದನ್ನೆಲ್ಲ ವಿವರವಾಗಿ ಬರೆದರು. ಎಲ್ಲವೂ ಮುಕ್ತ ಲೈಸೆನ್ಸಿನಲ್ಲಿ ಇದ್ದದ್ದರಿಂದ ಕಾನೂನಿನಲ್ಲಿ ತಪ್ಪಿಲ್ಲ ನಿಜ. ಆದರೂ ಪೆಟ್ಟಿಗೆಯ ಮೇಲೆ ಅವರ ಹೆಸರೂ ಇರಬೇಕಿತ್ತು ಅಂತ ನನಗೆ ಅನ್ನಿಸುತ್ತೆ.

ಈ ಬೋರ್ಡುಗಳ ಗುಟ್ಟು ಬೂಟ್‌ಲೋಡರ್. ಕೇಬಲ್ಲಿನಿಂದ ಬಂದ ಪ್ರೋಗ್ರಾಮನ್ನು ತಾನೇ ಬರೆದುಕೊಳ್ಳುವ ಪುಟ್ಟ ತುಣುಕೊಂದನ್ನು ಚಿಪ್‌ನಲ್ಲಿ ಮೊದಲೇ ಹಾಕಿಟ್ಟಿರುತ್ತಾರೆ. ಅದು ಅಳಿಸಿಹೋದರೆ ಮಾತ್ರ ಮತ್ತೆ ಹಳೇ ಪ್ರೋಗ್ರಾಮರೇ ಗತಿ. 2021ರ ರಾಸ್ಪ್‌ಬೆರಿ ಪೈ ಪಿಕೋ ಆ ಭಯವನ್ನೂ ತೆಗೆಯಿತು. ಅದರ ಬೂಟ್‌ಲೋಡರ್ ಅಳಿಸಲಾಗದ ಜಾಗದಲ್ಲಿದೆ. ಗುಂಡಿ ಒತ್ತಿ ಹಿಡಿದು ಕೇಬಲ್ ಚುಚ್ಚಿದರೆ ಪೆನ್‌ಡ್ರೈವಿನ ಹಾಗೆ ಕಾಣಿಸಿಕೊಳ್ಳುತ್ತೆ, ಫೈಲ್ ಎಳೆದು ಹಾಕಿದರೆ ಮುಗೀತು.

"ಪಿಕೋನ ತಗೋ, ಎರಡು ತಗೋ" ಅಂದೆ ಹುಡುಗನಿಗೆ.

"ಒಂದು ಸುಟ್ಟರ ಇರಲಿ ಅಂತೇನು ಮಾಮಾ?"

"ಅಲ್ಲೋ. ಮೂರು ತಂತಿ ಎಳೆದರೆ ಒಂದು ಇನ್ನೊಂದಕ್ಕೆ ಪ್ರೋಗ್ರಾಮರ್ ಆಗ್ತದ. ನಿನ್ನ ಪ್ರೋಗ್ರಾಂ ಎಲ್ಲಿ ನಿಂತದ ಅಂತ ಒಳಗ ಇಣುಕಿ ನೋಡಬಹುದು."

ಸ್ವಲ್ಪ ಹೊತ್ತು ಸುಮ್ಮನಿದ್ದು, "ಸಾವಿರದಾಗ ಬರ್ತಾವೇನು ಎರಡೂ?" ಅಂತ ಕೇಳಿದ.