ಲೆಕ್ಕದ ಪುಸ್ತಕದಲ್ಲಿ ಉಳಿದ ಮೀನು: ಕಾವೇರಿ ಫಿಶಿಂಗ್ ಕ್ಯಾಂಪುಗಳ ಕಥೆ

ಮೈಸೂರಿನ ಶ್ರೀರಾಂಪುರದಿಂದ, ನಮ್ಮ ಮನೆಯ ಮಹಡಿ ರೂಮಿನಿಂದ ಮಾತಾಡ್ತಿದ್ದೀನಿ. ಫ್ಯಾನ್ ಆಫ್ ಮಾಡಿ ಕೂತಿದ್ದೀನಿ, ಅದರ ಸದ್ದು ಮೈಕಿಗೆ ಬೀಳುತ್ತೆ ಅಂತ. ಏಪ್ರಿಲ್ ಕೊನೆಯ ವಾರ, ಬೆವರು ಸುರೀತಿದೆ. ಮಧ್ಯೆ ಬೀದಿ ನಾಯಿ ಬೊಗಳಿದರೆ ಸ್ವಲ್ಪ ಅಡ್ಜಸ್ಟ್ ಮಾಡ್ಕೊಳ್ಳಿ.

ಇವತ್ತಿನ ಕಥೆ ಇದೇ ಸೀಸನ್ನಿಗೆ ಸೇರಿದ್ದು. ಬೇಸಿಗೆ ಮುಗೀತಾ ಬಂದು ಮಳೆ ಇನ್ನೂ ಬಾರದ ಈ ದಿನಗಳಲ್ಲಿ, ಸುಮಾರು ಮೂವತ್ತು ವರ್ಷ ಕಾಲ, ಇಂಗ್ಲೆಂಡಿನಿಂದ ಜನ ವಿಮಾನ ಹತ್ತಿ ಬೆಂಗಳೂರಿಗೆ ಬಂದು, ಅಲ್ಲಿಂದ ಜೀಪಿನಲ್ಲಿ ಕಾಡಿಗೆ ಇಳಿದು, ಕಾವೇರಿ ದಡದ ಟೆಂಟುಗಳಲ್ಲಿ ವಾರಗಟ್ಟಲೆ ಇರ್ತಿದ್ರು. ಯಾವುದಕ್ಕೆ? ಒಂದು ಮೀನು ಹಿಡಿಯೋಕೆ. ಹಿಡಿದು ವಾಪಸ್ ನೀರಿಗೆ ಬಿಡೋಕೆ.

ಮಳವಳ್ಳಿ, ಹಲಗೂರು ದಾಟಿ ಮುತ್ತತ್ತಿ ಕಡೆ ಹೋದವರಿಗೆ ಆ ಜಾಗ ಗೊತ್ತಿರುತ್ತೆ. ಮುತ್ತತ್ತಿರಾಯನ ಗುಡಿ ಇರೋ ಊರು. ಸೀತೆಯ ಮುತ್ತಿನುಂಗುರ ಹೊಳೆಗೆ ಬಿದ್ದಾಗ ಹನುಮಂತ ಬಾಲದಿಂದ ನೀರು ಕಲಕಿ ತೆಗೆದುಕೊಟ್ಟ ಅನ್ನೋ ಕಥೆ ಇಲ್ಲಿಯದು. ಅಣ್ಣಾವ್ರಿಗೆ ಮುತ್ತುರಾಜ ಅಂತ ಹೆಸರಿಟ್ಟಿದ್ದೂ ಈ ದೇವರ ಮೇಲೆ. ಅದರ ಪಕ್ಕದಲ್ಲೇ ಭೀಮೇಶ್ವರಿ, ಮೇಲ್ಗಡೆ ದೊಡ್ಡಮಾಕಳಿ, ಕೆಳಗಡೆ ಸಂಗಮದ ಹತ್ತಿರ ಗಾಳಿಬೋರೆ. ಈ ಮೂರು ಹೆಸರು ಇಲ್ಲಿಯವರಿಗಿಂತ ಚೆನ್ನಾಗಿ ಇಂಗ್ಲೆಂಡಿನ ಗಾಳ ಹಾಕೋರಿಗೆ ಗೊತ್ತಿದ್ದ ಕಾಲ ಒಂದಿತ್ತು.

ನನಗೆ ಈ ಕಥೆ ಗೊತ್ತಾಗಿದ್ದು ನಮ್ಮ ಮಾವನಿಂದ, ಅಂದ್ರೆ ಅಮ್ಮನ ತಮ್ಮ. ಅವರದು ಹಲಗೂರು ಕಡೆ. ಆ ಹೊಳೆಯ ಒಂದು ಕ್ಯಾಂಪಿನಲ್ಲಿ ಹಲವು ಸೀಸನ್ ತೆಪ್ಪ ಹಾಕ್ತಿದ್ರು. ಚಿಕ್ಕಂದಿನಲ್ಲಿ ನಾನು ನಂಬ್ತಿರಲಿಲ್ಲ. ಮಾವ ಕೈಯನ್ನ ಎದೆಯವರೆಗೆ ಎತ್ತಿ "ಇಷ್ಟುದ್ದ ಇತ್ತು ಕಣ್ಲಾ, ನಿನಗಿಂತ ತೂಕ" ಅಂದ್ರೆ, ಮೀನು ಹಿಡಿಯೋರೆಲ್ಲ ಹೀಗೇ ಹೇಳೋದು ಅಂತ ನಗ್ತಿದ್ದೆ. ಆಮೇಲೆ ಓದಿ ನೋಡಿದರೆ ಮಾವ ಸ್ವಲ್ಪ ಕಮ್ಮಿನೇ ಹೇಳಿದ್ರು.

ಆ ಮೀನು ಮಹಶೀರ್. ಆ ಕಡೆ ಬಿಳಿಮೀನು ಅಂತಾರೆ. ರಾಮನಾಥಪುರದಲ್ಲೋ ಶೃಂಗೇರಿಯಲ್ಲೋ ಪುರಿ ಹಾಕಿದ ತಕ್ಷಣ ಮುತ್ಕೊಳ್ಳುತ್ತಲ್ಲ ದೇವರ ಮೀನು, ಅದರ ಬಳಗವೇ. ಆದ್ರೆ ಕಾವೇರಿಯ ಈ ಭಾಗದಲ್ಲಿದ್ದದ್ದು ಬೇರೆ ಜಾತಿ. ತಲೆಯ ಹಿಂದೆ ಡುಬ್ಬ, ಕಿತ್ತಳೆ ಬಣ್ಣದ ರೆಕ್ಕೆ, ರಭಸದ ನೀರಿಗೆ ಎದುರು ಈಜೋ ಶಕ್ತಿ.

ಎಷ್ಟು ದೊಡ್ಡದಾಗ್ತಿತ್ತು ಅನ್ನೋದಕ್ಕೆ ನಮ್ಮ ಮೈಸೂರಿನದೇ ಸಾಕ್ಷಿ ಇದೆ. ವ್ಯಾನ್ ಇಂಗೆನ್ ಅನ್ನೋ ಹೆಸರು ಕೇಳಿರಬಹುದು. ಮಹಾರಾಜರು ಹೊಡೆದ ಹುಲಿ, ಚಿರತೆಗಳನ್ನ ಹದ ಮಾಡಿ, ತುಂಬಿಸಿ, ಜೀವ ಇದೆ ಅನ್ನೋ ಹಾಗೆ ನಿಲ್ಲಿಸ್ತಿದ್ದ ಮೈಸೂರಿನ ಕುಟುಂಬ. ಆ ಮನೆಯ ಡಿವೆಟ್ ವ್ಯಾನ್ ಇಂಗೆನ್ 1946ರಲ್ಲಿ ಕಬಿನಿಯಲ್ಲಿ ಒಂದು ಮಹಶೀರ್ ಹಿಡಿದರು. ತೂಕ 120 ಪೌಂಡ್. ಕಿಲೋ ಲೆಕ್ಕದಲ್ಲಿ 54ರ ಮೇಲೆ. ಗಾಳದಲ್ಲಿ ಹಿಡಿದ ಮಹಶೀರ್‌ಗಳ ದಾಖಲೆ ಅಂತ ಇವತ್ತಿಗೂ ಹೇಳೋದು ಅದನ್ನೇ. ಅಂದ್ರೆ ಗಾಳದ ಜಗತ್ತಿನ ಒಂದು ದೊಡ್ಡ ದಾಖಲೆ ಶ್ರೀರಾಂಪುರದಿಂದ ಬೈಕಲ್ಲಿ ಹೋಗಿ ಸಂಜೆಯೊಳಗೆ ವಾಪಸ್ ಬರಬಹುದಾದ ನದಿಯಲ್ಲಿ ಆಗಿದೆ. ನನಗೆ ಇದನ್ನ ಯಾವ ಮೇಷ್ಟ್ರೂ ಹೇಳಿರಲಿಲ್ಲ. ಬಿಕಾಂನಲ್ಲಿ ಹೇಳ್ತಾರೆ ಅಂತ ನಿರೀಕ್ಷೆ ಮಾಡೋದೂ ತಪ್ಪೇ ಬಿಡಿ.

ಬ್ರಿಟಿಷರಿಗೆ ಈ ಮೀನಿನ ಹುಚ್ಚು ಅದಕ್ಕೂ ಹಿಂದಿನದು. ದಕ್ಷಿಣ ಕನ್ನಡದಲ್ಲಿ ಕಲೆಕ್ಟರ್ ಆಗಿದ್ದ ಹೆನ್ರಿ ಸಲಿವನ್ ಥಾಮಸ್ 1873ರಲ್ಲಿ 'ದಿ ರಾಡ್ ಇನ್ ಇಂಡಿಯಾ' ಅಂತ ಪುಸ್ತಕವನ್ನೇ ಬರೆದ. ಅಧಿಕಾರಿಗಳು ರಜೆ ಹಾಕಿ, ಗಾಳ ಹಿಡ್ಕೊಂಡು ಹೊಳೆ ಕಡೆ ಹೋಗ್ತಿದ್ರು. ಆಗ ಬಿಡೋ ಮಾತಿಲ್ಲ, ಹಿಡಿದದ್ದನ್ನ ಕೊಲ್ಲೋದೇ.

1947 ಆಯ್ತು, ಅವರು ಹೋದ್ರು. ಅಷ್ಟರಲ್ಲಿ ನದಿಯೂ ಬದಲಾಗಿತ್ತು. 1902ರಿಂದ ಶಿವನಸಮುದ್ರದಲ್ಲಿ ವಿದ್ಯುತ್, 1911ರಲ್ಲಿ ಕೆಲಸ ಶುರುವಾದ ಕನ್ನಂಬಾಡಿ ಕಟ್ಟೆ, ಕೆಳಗಡೆ 1934ರಲ್ಲಿ ಮೆಟ್ಟೂರು. ಇವುಗಳ ನಡುವೆ ಸಿಕ್ಕಿಕೊಂಡ ಕಾಡಿನ ತುಂಡು ಹೊಳೆಯಲ್ಲಿ ಈ ಮೀನು ಉಳ್ಕೊಂಡಿತ್ತು. ಅಲ್ಲೂ ಡೈನಮೈಟ್ ಬಂತು. ಬತ್ತಿಗೆ ಬೆಂಕಿ ಕೊಟ್ಟು ಮಡುವಿಗೆ ಎಸೆದರೆ, ದೊಡ್ಡದು ಚಿಕ್ಕದು ಅನ್ನದೆ ಎಲ್ಲವೂ ಹೊಟ್ಟೆ ಮೇಲೆ ಮಾಡಿ ತೇಲುತ್ತೆ. ಹೊರಗಿನ ಜಗತ್ತು ಕಾವೇರಿಯ ಮಹಶೀರ್ ಮುಗೀತು ಅಂದ್ಕೊಂಡಿತ್ತು.

1970ರ ದಶಕದ ಕೊನೆಗೆ ಇಂಗ್ಲೆಂಡಿನಿಂದ ಮೂವರು ಹುಡುಗರು ಹುಡುಕ್ಕೊಂಡು ಬಂದರು. ಟ್ರಾನ್ಸ್ ವರ್ಲ್ಡ್ ಫಿಶಿಂಗ್ ಟೀಮ್ ಅಂತ ತಮಗೆ ತಾವೇ ಹೆಸರಿಟ್ಕೊಂಡಿದ್ರು. ಮೀನು ಇದೆ, ಅದೂ ದೈತ್ಯ ಗಾತ್ರದ್ದೇ ಇದೆ ಅಂತ ಅವರು ತೋರಿಸಿದ ಮೇಲೆ ಸುದ್ದಿ ಹಬ್ಬಿತು. ಟೀವಿಯಲ್ಲಿ 'ರಿವರ್ ಮಾನ್‌ಸ್ಟರ್ಸ್' ನೋಡಿದ್ದೀರಲ್ಲ? ಅದರ ಜೆರೆಮಿ ವೇಡ್ ಗಾಳ ಹಿಡ್ಕೊಂಡು ಮೊದಲು ಹೊರದೇಶಕ್ಕೆ ಅಂತ ಹೊರಟಿದ್ದು 1982ರಲ್ಲಿ, ಭಾರತಕ್ಕೆ, ಮಹಶೀರ್‌ಗಾಗಿ.

ಬೆಂಗಳೂರಿನ ವೈಲ್ಡ್‌ಲೈಫ್ ಅಸೋಸಿಯೇಷನ್ ಆಫ್ ಸೌತ್ ಇಂಡಿಯಾದವರು ನದಿಯ ಒಂದು ಭಾಗವನ್ನ ಗುತ್ತಿಗೆಗೆ ತಗೊಂಡು ಕಾವಲು ಹಾಕಿದ್ರು. ಇನ್ನೊಂದು ಕಡೆ ಸರ್ಕಾರದ ಜಂಗಲ್ ಲಾಡ್ಜಸ್, 1980ರಲ್ಲಿ ಶುರುವಾದದ್ದು, ಭೀಮೇಶ್ವರಿಯಲ್ಲಿ ಕ್ಯಾಂಪ್ ಮಾಡಿತು. ನಿಯಮ ಒಂದೇ: ಹಿಡಿ, ತೂಗು, ಫೋಟೋ ತೆಗಿ, ಬಿಡು.

ಈಗ ಕ್ಯಾಂಪಿನ ದಿನ ಹೇಗಿರ್ತಿತ್ತು ಅಂತ ಮಾವನ ಬಾಯಲ್ಲಿ ಕೇಳಿದ್ದನ್ನ ಹೇಳ್ತೀನಿ.

ಏಪ್ರಿಲ್, ಮೇ ಅಂದ್ರೆ ನೀರು ಇಳಿದು ಬಂಡೆಗಳೆಲ್ಲ ಹೊರಗೆ ಬಂದಿರುತ್ತೆ. ಹತ್ತು ಗಂಟೆ ಮೇಲೆ ಆ ಬಂಡೆ ಮೇಲೆ ಬರಿಗಾಲು ಇಡೋಕಾಗಲ್ಲ. ಹಾಗಾಗಿ ಬೆಳಗಿನ ಜಾವ ಕತ್ತಲಲ್ಲೇ ತೆಪ್ಪ ಇಳಿಸೋದು. ಹನ್ನೊಂದಕ್ಕೆ ವಾಪಸ್. ಮಧ್ಯಾಹ್ನ ಹೊಳೆಮತ್ತಿ ಮರದ ನೆರಳಲ್ಲಿ ಎಲ್ಲರೂ ಬಿದ್ದುಕೊಳ್ಳೋದು, ದೊರೆಗಳೂ ಅಷ್ಟೇ, ಆಳುಗಳೂ ಅಷ್ಟೇ. ನಾಲ್ಕರ ಮೇಲೆ ಮತ್ತೆ ನೀರು. ಆಚೆ ದಡಕ್ಕೆ ಆನೆ ಬರೋದು, ಬಂಡೆ ಮೇಲೆ ಮೊಸಳೆ ಬಾಯಿ ಕಳ್ಕೊಂಡು ಮಲಗಿರೋದು, ನೀರುನಾಯಿಗಳು ಗುಂಪಾಗಿ ಬಂದು ಆ ಮಡುವಿನ ಮೀನನ್ನೆಲ್ಲ ಚದುರಿಸಿ ಹೋಗೋದು. ನೀರುನಾಯಿ ಬಂದ್ರೆ ಆ ದಿನ ಕೆಲಸ ಮುಗೀತು, ತೆಪ್ಪ ಎತ್ತಬೇಕು.

ಗಾಳಕ್ಕೆ ಹಾಕ್ತಿದ್ದದ್ದು ಏನು ಗೊತ್ತಾ? ರಾಗಿ. ಹಿಟ್ಟಿಗೆ ಮಸಾಲೆ ಸೇರಿಸಿ, ನಾದಿ, ಉಂಡೆ ಕಟ್ಟಿ, ರಬ್ಬರ್ ಹಾಗೆ ಗಟ್ಟಿಯಾಗೋವರೆಗೂ ಬೇಯಿಸೋದು. ಮೆತ್ತಗಾದ್ರೆ ಚಿಕ್ಕ ಮೀನುಗಳು ಕಿತ್ಕೊಂಡು ಹೋಗುತ್ವೆ. ಮಾವ ಹೇಳೋದು: "ಮೀನ್ಗೆ ಮುದ್ದೆ ಉಣ್ಸೋಕೆ ಲಂಡನ್ನಿಂದ ಬರ್ತಾವ್ರೆ ಅಂತ ನಮ್ಮವ್ವ ಬಿದ್ದೂ ಬಿದ್ದೂ ನಗೋಳು." ಅಜ್ಜಿಯ ನಗು ಬಿಡಿ, ಆ ಹದ ಗೊತ್ತಿದ್ದದ್ದು ಊರಿನವರಿಗೆ ಮಾತ್ರ. ಯಾವ ಮಡುವಿನಲ್ಲಿ, ಯಾವ ಬಂಡೆ ಸಂದಿಯಲ್ಲಿ, ಯಾವ ಹೊತ್ತಿಗೆ ಮೀನು ಇರುತ್ತೆ ಅನ್ನೋದೂ ಅವರಿಗೇ ಗೊತ್ತು. ಹಾಗೆ ಗೊತ್ತಿರೋಕೆ ಕಾರಣ, ಅವರಲ್ಲಿ ಕೆಲವರು ಮೊದಲು ಬಲೆ ಹಾಕಿದವರು, ಡೈನಮೈಟ್ ಎಸೆದವರು. ಕ್ಯಾಂಪುಗಳು ಅವರನ್ನೇ ಕರೆದು ಗೈಡ್ ಮಾಡಿದ್ವು, ಕಾವಲಿಗೆ ಹಾಕಿದ್ವು. ಮೀನು ಸತ್ತರೆ ಒಂದು ದಿನದ ಸಂತೆ, ಬದುಕಿದ್ರೆ ಪ್ರತಿ ಸೀಸನ್ ಸಂಬಳ. ಈ ಲೆಕ್ಕ ಯಾರಿಗೂ ಬಿಡಿಸಿ ಹೇಳಬೇಕಾಗಿರಲಿಲ್ಲ.

ಮೇ ತಿಂಗಳಲ್ಲಿ ಒಂದು ಸಂಜೆ ಮೋಡ ಕಟ್ಟಿ, ಮೇಲ್ಗಡೆ ಎಲ್ಲೋ ಮಳೆ ಬಿದ್ದು, ಬೆಳಗಾಗೋದ್ರೊಳಗೆ ನೀರಿನ ಬಣ್ಣ ಟೀ ಥರ ಆಗಿರೋದು. ಮಾವನ ಪ್ರಕಾರ ದೊಡ್ಡ ಮೀನಿಗೆ ಅದಕ್ಕಿಂತ ಒಳ್ಳೆ ದಿನ ಇಲ್ಲ. ಅಂಥ ಒಂದು ಬೆಳಗ್ಗೆ ಗಾಳ ಕಚ್ಚಿದ ಮೀನು ತೆಪ್ಪವನ್ನೇ ಎಳ್ಕೊಂಡು ಎರಡು ಮಡು ಕೆಳಗೆ ಹೋಗಿತ್ತಂತೆ. ಹಿಡಿದ ಮೇಲೆ ಹಗ್ಗ ಕಟ್ಟಿ ನೀರಲ್ಲೇ ನಿಲ್ಲಿಸಿ, ಅದರ ಸುಸ್ತು ಇಳಿದ ಮೇಲೆ ತೂಗಿ, ಬಿಡೋದು. ಬಿಡುವಾಗ ಮಾವ ಎದೆಮಟ್ಟ ನೀರಲ್ಲಿ ನಿಂತು ಅದರ ಹೊಟ್ಟೆ ಕೆಳಗೆ ಕೈ ಕೊಟ್ಟಿರ್ತಿದ್ರು. "ಮಗು ಥರ ಇರ್ತದೆ ಒಂದ್ ನಿಮಿಷ. ಆಮ್ಯಾಕೆ ಬಾಲದಲ್ಲಿ ಒಂದು ಬಿಟ್ಟು ಹೊಂಟೋಯ್ತದೆ."

ತೂಗಿದ ಮೇಲೆ ಒಂದು ಕೆಲಸ ಇರ್ತಿತ್ತು, ಪುಸ್ತಕದಲ್ಲಿ ಬರೆಯೋದು. ಯಾವ ದಿನ, ಎಷ್ಟು ಗಂಟೆ ಗಾಳ ಹಾಕಿದ್ರು, ಎಷ್ಟು ಮೀನು, ಎಷ್ಟು ತೂಕ. ಪ್ರವಾಸಿಗಳಿಗೆ ಅದು ಜಂಬದ ಪುಸ್ತಕ. ಆದ್ರೆ ಕಾಮರ್ಸ್ ಓದಿದ ನನ್ನಂಥವನಿಗೆ ಅದು ಸ್ಟಾಕ್ ರಿಜಿಸ್ಟರ್. ನನ್ನ ಪ್ರಕಾರ ಈ ಕ್ಯಾಂಪುಗಳು ಬಿಟ್ಟು ಹೋದದ್ದರಲ್ಲಿ ಅತಿ ಬೆಲೆ ಬಾಳೋದು ಆ ಪುಸ್ತಕಗಳೇ.

ಗಾಳಿಬೋರೆಯ 1998ರಿಂದ 2012ರವರೆಗಿನ ಲೆಕ್ಕವನ್ನ ಏಡ್ರಿಯನ್ ಪಿಂಡರ್, ರಾಜೀವ್ ರಾಘವನ್ ಮತ್ತು ರಾಬರ್ಟ್ ಬ್ರಿಟನ್ ಅನ್ನೋ ವಿಜ್ಞಾನಿಗಳು ಕೂತು ಕೂಡಿಸಿದ್ರು. 23 ಸಾವಿರಕ್ಕೂ ಹೆಚ್ಚು ಗಂಟೆ ಗಾಳ, 6 ಸಾವಿರಕ್ಕೂ ಹೆಚ್ಚು ಮಹಶೀರ್. 2015ರಲ್ಲಿ ಅದನ್ನ ಪ್ರಕಟಿಸಿದ್ರು. ಮೊದಲ ನೋಟಕ್ಕೆ ಖುಷಿಯ ಸುದ್ದಿ: ವರ್ಷದಿಂದ ವರ್ಷಕ್ಕೆ ಸಿಗೋ ಮೀನಿನ ಸಂಖ್ಯೆ ಏರ್ತಾ ಹೋಗಿದೆ. ಕಾವಲು ಕೆಲಸ ಮಾಡಿದೆ.

ಆದ್ರೆ ಟೋಟಲ್ ನೋಡಿ ಬ್ಯಾಲೆನ್ಸ್ ಶೀಟ್ ಮುಚ್ಚಬಾರದು ಅಂತ ನಮಗೆ ಮೊದಲ ವರ್ಷವೇ ಹೇಳಿಕೊಡ್ತಾರೆ. ಒಂದೊಂದು ಐಟಂ ಬಿಡಿಸಿ ನೋಡಬೇಕು. ಬಿಡಿಸಿ ನೋಡಿದಾಗ ಏರಿದ್ದು ನೀಲಿ ರೆಕ್ಕೆಯ ಮಹಶೀರ್. ಡುಬ್ಬದ, ಕಿತ್ತಳೆ ರೆಕ್ಕೆಯ ಮೂಲ ಮೀನು ಇಳೀತಾ ಇಳೀತಾ ಹೋಗಿ, ಕೊನೆಕೊನೆಗೆ ಸಿಕ್ಕಿದ್ದು ಎಲ್ಲೋ ಒಂದೊಂದು, ಅದೂ ಮುದಿ ದೊಡ್ಡ ಮೀನು. ಮರಿಗಳೇ ಇಲ್ಲ. ಅಜ್ಜ ಅಜ್ಜಿ ಮಾತ್ರ ಉಳಿದ ಊರಿನ ಹಾಗೆ.

ನೀಲಿ ರೆಕ್ಕೆಯದು ಎಲ್ಲಿಂದ ಬಂತು? ಇಲ್ಲಿ ನನಗೆ ನಿಜಕ್ಕೂ ಹೊಟ್ಟೆ ಉರಿದದ್ದು. ಅದು ಕೃಷ್ಣಾ ಕಣಿವೆಯ ಮೀನು. ಮಹಶೀರ್ ಉಳಿಸಬೇಕು ಅನ್ನೋ ಒಳ್ಳೆ ಉದ್ದೇಶದಿಂದಲೇ ಮಹಾರಾಷ್ಟ್ರದ ಲೋನಾವಳದಲ್ಲಿ ಟಾಟಾದವರು ಅದರ ಮರಿ ಮಾಡಿಸಿದ್ರು, 1970ರ ದಶಕದ ನಂತರ ಅಂಥ ಮರಿಗಳು ಬೇರೆ ನದಿಗಳಿಗೂ ಹೋದವು, ಕಾವೇರಿಗೂ ಬಂದವು. ಆಗ ಮಹಶೀರ್ ಅಂದ್ರೆ ಮಹಶೀರ್, ಅಷ್ಟೇ. ಒಂದು ಕಂಪನಿಯ ಮಾಲು ಖಾಲಿಯಾಗ್ತಿದೆ ಅಂತ ಅದೇ ರ‍್ಯಾಕಿನಲ್ಲಿ ಇನ್ನೊಂದು ಕಂಪನಿಯ ಮಾಲು ಜೋಡಿಸಿ, ಸ್ಟಾಕ್ ಫುಲ್ ಅಂತ ಬರೆದ ಹಾಗಾಯ್ತು. ಹೊಸ ಮೀನಿನ ಪೈಪೋಟಿ ಒಂದೇ ಕಾರಣ ಅಂತ ಅಲ್ಲ, ಅಣೆಕಟ್ಟು ಇದೆ, ನೀರು ಕಮ್ಮಿಯಾದದ್ದಿದೆ, ಡೈನಮೈಟ್ ಇದೆ. ಆದ್ರೆ ಒಂದು ಏರಿದಂತೆ ಇನ್ನೊಂದು ಇಳಿದದ್ದು ಪುಸ್ತಕದಲ್ಲಿ ಕಾಣುತ್ತೆ.

ಇನ್ನೊಂದು ವಿಚಿತ್ರ ಇದೆ. 1873ರಿಂದ ಜಗತ್ತು ಹುಚ್ಚಾಗಿ ಹಿಂದೆ ಬಿದ್ದಿದ್ದ ಈ ಮೀನಿಗೆ ಸರಿಯಾದ ವೈಜ್ಞಾನಿಕ ಹೆಸರು ಸಿಕ್ಕಿದ್ದು 2018ರಲ್ಲಿ. ಹೆಸರಿಲ್ಲದ ಜೀವಿಯನ್ನ ಅಳಿವಿನಂಚಿನ ಪಟ್ಟಿಗೆ ಸೇರಿಸೋಕೆ ಬರಲ್ಲ. ಪ್ಯಾನ್ ಕಾರ್ಡ್ ಇಲ್ಲದೆ ಅಕೌಂಟ್ ತೆಗೆಯೋಕೆ ಹೋದ ಹಾಗೆ. ತಮಿಳುನಾಡಿನ ಮೋಯಾರ್ ನದಿಯಲ್ಲಿ ಉಳಿದಿದ್ದ ಕೆಲವು ಮೀನುಗಳನ್ನ ಪರೀಕ್ಷೆ ಮಾಡಿ, ಕೇರಳದ ಪಾಂಬಾರ್ ನದಿಯ ಒಂದು ಮೀನಿಗೆ ಆಗಲೇ ಇಟ್ಟಿದ್ದ ಹೆಸರು ಇದರದ್ದೇ ಅಂತ ಗುರುತಿಸಿದ್ರು: ಟಾರ್ ರೇಮಾದೇವಿ. ಮೀನು ವಿಜ್ಞಾನಿ ಕೆ. ರೇಮಾದೇವಿ ಅವರ ಹೆಸರು. ಅದೇ ವರ್ಷ ಐಯುಸಿಎನ್ ಅದನ್ನ ತೀವ್ರ ಅಪಾಯದ ಪಟ್ಟಿಗೆ ಹಾಕಿತು.

ಅಷ್ಟರಲ್ಲಿ ಕ್ಯಾಂಪುಗಳ ಗಾಳ ನಿಂತು ಆರು ವರ್ಷ ಆಗಿತ್ತು. ಈ ಕಾಡು 1987ರಿಂದ ಕಾವೇರಿ ವನ್ಯಜೀವಿಧಾಮ. ಅದರೊಳಗೆ ಗಾಳ ಹಾಕೋದು, ವಾಪಸ್ ಬಿಟ್ಟರೂ ಸರಿ, ವನ್ಯಜೀವಿ ಕಾಯ್ದೆ ಪ್ರಕಾರ ಬೇಟೆಯೇ ಅನ್ನೋ ತೀರ್ಮಾನದ ಮೇಲೆ 2012ಕ್ಕೆ ನಿಂತಿತು. ಭೀಮೇಶ್ವರಿ, ಗಾಳಿಬೋರೆ ಹೆಸರಿನಲ್ಲಿದ್ದ 'ಫಿಶಿಂಗ್' ಹೋಗಿ 'ನೇಚರ್' ಬಂತು. ಈಗ ಅಲ್ಲಿ ಕಯಾಕಿಂಗ್ ಇದೆ, ಹಗ್ಗದ ಮೇಲೆ ನಡೆಯೋದಿದೆ, ಆಫೀಸ್ ಟೀಮುಗಳು ಬರುತ್ವೆ.

ಗಾಳ ಹಾಕೋರು ಹೇಳೋದು, ನಾವು ಹೋದ ಮೇಲೆ ಕಾವಲೂ ಹೋಯ್ತು, ಡೈನಮೈಟ್ ವಾಪಸ್ ಬಂತು ಅಂತ. ಎದುರು ವಾದವನ್ನ ನಾನು ಸುಮ್ಮನೆ ತಳ್ಳಿಹಾಕಲ್ಲ. ಒಂದು ಜೀವಿಯ ತುಟಿಗೆ ಕೊಕ್ಕೆ ಹಾಕಿ ಅರ್ಧ ಗಂಟೆ ಎಳೆದಾಡೋದು ರಕ್ಷಣೆ ಅಂತ ಒಪ್ಪಿಕೊಳ್ಳೋದು ಕಷ್ಟ. ಹುಲಿಗೆ ಹಾಗೆ ಮಾಡಿದ್ರೆ ಸುಮ್ಮನಿರ್ತೀವಾ? ಆದ್ರೆ ನನ್ನ ತಕರಾರು ಬೇರೆ. ಗಾಳ ನಿಲ್ಲಿಸಿದವರು ಲೆಕ್ಕದ ಪುಸ್ತಕವನ್ನಾದ್ರೂ ಇನ್ನೊಂದು ರೀತಿಯಲ್ಲಿ ಮುಂದುವರಿಸಬೇಕಿತ್ತು. ಹದಿನಾಲ್ಕು ವರ್ಷ ಪ್ರತಿ ದಿನದ ಎಂಟ್ರಿ ಇದ್ದ ರಿಜಿಸ್ಟರ್ 2012ಕ್ಕೆ ನಿಂತುಹೋಯ್ತು. ಈಗ ಅದೇ ಕಣಿವೆಗೆ 67 ಟಿಎಂಸಿ ಮೇಕೆದಾಟು ಯೋಜನೆಯ ಪ್ರಸ್ತಾಪ ಇದೆ. ಕುಡಿಯೋ ನೀರಿನ ವಿಷಯ ಅದು, ಅದರ ಜಗಳ ಇನ್ನೊಂದು ಸಂಚಿಕೆಗೆ ಸಾಕಾಗುವಷ್ಟಿದೆ. ಇಲ್ಲಿ ಒಂದೇ ಮಾತು: ಹರಿಯೋ ನೀರಿನ ಮೀನಿಗೆ ನಿಂತ ನೀರು ಆಗಿಬರಲ್ಲ.

ಮಾವ ಈಗ ಮಳವಳ್ಳಿಯಲ್ಲಿ ಗೊಬ್ಬರದ ಅಂಗಡಿಯಲ್ಲಿದ್ದಾರೆ. ಈ ಸಂಚಿಕೆಗೆ ಅಂತ ಫೋನ್ ಮಾಡಿ ಕೇಳಿದೆ, ಮಾವ, ಡುಬ್ಬದ ಮೀನನ್ನ ಕೊನೆ ಸಲ ಯಾವಾಗ ನೋಡಿದ್ರಿ? ಸ್ವಲ್ಪ ಹೊತ್ತು ಸುಮ್ಮನಿದ್ರು. ಹಿಂದೆ ಯಾರೋ ಯೂರಿಯಾ ರೇಟು ಕೇಳ್ತಿದ್ರು.

"ಗ್ಯಾಪ್ಕ ಇಲ್ಲ ಕಣ್ಲಾ," ಅಂದ್ರು. "ಅದೇ ಕೊನೇದು ಅಂತ ಗೊತ್ತಿದ್ರೆ ದಿನ ಬರೆದಿಟ್ಕೋತಿದ್ದೆ. ಪುಸ್ತಕದಲ್ಲಿ ಇರ್ತದೆ ನೋಡು."